ಇಂಡಿ ಸಂಗೀತ ಎಲ್ಲಿ ಸಿಗುತ್ತೆ, ಸಿಕ್ಕ ಮೇಲೆ ಏನು ಮಾಡಬೇಕು: ಕೇಳುವವರಿಗೊಂದು ಮಾರ್ಗದರ್ಶಿ

"ಇದೆಲ್ಲಾ ನಿಮಗೆ ಎಲ್ಲಿ ಸಿಗುತ್ತೆ?" ಯಾವುದಾದರೂ ಹಾಡಿನ ಲಿಂಕ್ ಹಾಕಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹಿಂದೆಯೇ ಇನ್ನೊಂದು: "ದುಡ್ಡು ಕೊಡೋಣ ಅಂದ್ರೆ ನನ್ನ ಕಾರ್ಡ್ ತಗೊಳ್ತಾನೇ ಇಲ್ಲ." ಆಮೇಲೆ ಮೂರನೆಯದು: "ಇದನ್ನ ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಹೇಳಿಬಿಡೋಣ ಅಂತ ಇದು.

ಇಂಡಿ ಅಂದರೆ ಹಾಡುಗಾರರು ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಹೊರತರುವ ಸಂಗೀತ. ಇಲ್ಲವೇ ಚಿಕ್ಕದೊಂದು ಲೇಬಲ್ ಜೊತೆ ಸೇರಿ ತರುವಂಥದ್ದು. ಪುಸ್ತಕಕ್ಕೆ ಪ್ರಕಾಶನ ಹೇಗೋ ಹಾಡಿಗೆ ಲೇಬಲ್ ಹಾಗೆ. ಈ ಲೇಬಲ್‌ಗಳಲ್ಲಿ ಬಹಳಷ್ಟನ್ನು ಒಬ್ಬಿಬ್ಬರೇ ನಡೆಸುತ್ತಾರೆ, ಹಗಲು ಬೇರೆ ಕೆಲಸ ಮಾಡಿಕೊಂಡು.

ಒಂದು ವಿಷಯ ಮೊದಲೇ ಹೇಳುತ್ತೇನೆ. ನಿಮ್ಮ ಸ್ಟ್ರೀಮಿಂಗ್ ಆಪ್ ತಾನಾಗಿ ಮುಂದಿಡುವುದು ನೀವು ಈಗಾಗಲೇ ಕೇಳಿದ್ದರ ಅಕ್ಕಪಕ್ಕದ್ದನ್ನೇ. ನಿಜಕ್ಕೂ ಹೊಸದು ಬೇಕು ಅಂದರೆ ಒಳ್ಳೆ ಕಿವಿಯಿರುವ ಮನುಷ್ಯರನ್ನು ಹುಡುಕಿ ಅವರ ಹಿಂದೆ ಹೋಗಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಏನೇನು ಬೇಕು

ಒಂದು ಇಮೇಲ್. ಬ್ರೌಸರ್ ಇರುವ ಕಂಪ್ಯೂಟರ್. ಫೋನಲ್ಲೂ ಆಗುತ್ತದೆ, ಆದರೆ ಮೊದಲ ಸಲ ಕಂಪ್ಯೂಟರೇ ಸಲೀಸು, ಹತ್ತಾರು ಟ್ಯಾಬ್ ತೆರೆದಿಟ್ಟುಕೊಳ್ಳಬಹುದು. ಸಾಧಾರಣ ಹೆಡ್‌ಫೋನ್ ಸಾಕು, ಇದಕ್ಕಾಗಿ ಸಾವಿರಗಟ್ಟಲೆ ಸುರಿಯಬೇಡಿ. ಕೊಳ್ಳುವ ಮನಸ್ಸಿದ್ದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್. ಫೈಲುಗಳನ್ನು ಇಡಲು ಒಂದು ಹಾರ್ಡ್ ಡಿಸ್ಕ್. ವಾರಕ್ಕೊಂದು ಗಂಟೆ ಬಿಡುವು.

ಹಂತ 1: ಒಂದೇ ಒಂದು ಹಾಡಿನಿಂದ ಶುರು ಮಾಡಿ

"ಒಳ್ಳೆ ಜಾಜ್ ಹೇಳಿ", "ಒಳ್ಳೆ ಎಲೆಕ್ಟ್ರಾನಿಕ್ ಹೇಳಿ" ಅಂತ ಶುರು ಮಾಡಿದರೆ ಎಲ್ಲರಿಗೂ ಗೊತ್ತಿರುವ ಅದೇ ಪಟ್ಟಿ ಸಿಗುತ್ತದೆ. ಅದರ ಬದಲು ಇತ್ತೀಚೆಗೆ ನಿಮ್ಮ ತಲೆಯೊಳಗೆ ಕೂತುಬಿಟ್ಟಿರುವ ಒಂದು ಹಾಡು ತೆಗೆದುಕೊಳ್ಳಿ. ಯಾವ ಲೇಬಲ್, ಯಾರು ರೆಕಾರ್ಡ್ ಮಾಡಿದ್ದು, ಯಾರು ಮಿಕ್ಸ್ ಮಾಡಿದ್ದು, ಯಾರು ಮಾಸ್ಟರ್ ಮಾಡಿದ್ದು, ಬೇರೆ ಯಾರು ನುಡಿಸಿದ್ದಾರೆ, ಮುಖಪುಟದ ಚಿತ್ರ ಯಾರದು, ಇಷ್ಟನ್ನು ಹುಡುಕಿ ಒಂದು ಕಡೆ ಬರೆದಿಟ್ಟುಕೊಳ್ಳಿ. ಮಿಕ್ಸ್ ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳ ಮಟ್ಟ ಹೊಂದಿಸಿ ಒಂದು ಹಾಡಾಗಿಸುವುದು. ಮಾಸ್ಟರಿಂಗ್ ಅಂದರೆ ಹಾಗೆ ತಯಾರಾದ ಹಾಡುಗಳನ್ನು ಬಿಡುಗಡೆಗೆ ಮುಂಚೆ ಕೊನೆಯ ಸಲ ತಿದ್ದಿ ಹದಕ್ಕೆ ತರುವುದು.

ಈ ಹೆಸರುಗಳು ಆಲ್ಬಂ ಪುಟದ ಕೆಳಗೆ ಇರುತ್ತವೆ. ಅಲ್ಲಿ ಇಲ್ಲದಿದ್ದರೆ ಡಿಸ್ಕಾಗ್ಸ್ ನೋಡಿ. 2000ರಿಂದ ಬಳಕೆದಾರರೇ ತುಂಬುತ್ತಾ ಬಂದಿರುವ ಆಲ್ಬಂ ಮಾಹಿತಿಯ ದೊಡ್ಡ ಕೋಶ ಅದು. ಅಲ್ಲಿ ಪ್ರತಿ ಹೆಸರೂ ಒಂದು ಲಿಂಕ್. ಡ್ರಮ್ಸ್ ನುಡಿಸಿದವರ ಹೆಸರು ಒತ್ತಿದರೆ ಅವರು ಇನ್ನೆಲ್ಲೆಲ್ಲಿ ನುಡಿಸಿದ್ದಾರೆ ಅನ್ನುವುದು ಪೂರ್ತಿ ಬರುತ್ತದೆ. ಈ ಹೆಸರುಗಳಲ್ಲಿ ನನಗೆ ಜಾಸ್ತಿ ಫಲ ಕೊಟ್ಟಿರುವುದು ಲೇಬಲ್ ಮತ್ತು ಮಾಸ್ಟರಿಂಗ್ ಮಾಡಿದವರ ಹೆಸರು. ಹಾಡುಗಾರರ ಹೆಸರಿಗಿಂತಲೂ ಜಾಸ್ತಿ.

ಎಚ್ಚರಿಕೆ: ಒಂದೇ ಹೆಸರಿನ ಇಬ್ಬರು ಮೂವರು ಕಲಾವಿದರು ಇರುವುದು ಮಾಮೂಲು, ಸ್ಟ್ರೀಮಿಂಗ್ ಆಪ್‌ಗಳು ಅವರನ್ನು ಒಂದೇ ಪುಟಕ್ಕೆ ಸೇರಿಸಿಬಿಡುತ್ತವೆ. ಫಿನ್ಲೆಂಡಿನ ಮೆಟಲ್ ಬ್ಯಾಂಡಿನ ಪುಟದಲ್ಲಿ ಬ್ರೆಜಿಲಿನ ಡಿಜೆ ಹಾಡು ಕಂಡರೆ ಗಾಬರಿಯಾಗಬೇಡಿ. ಊರು ಮತ್ತು ಲೇಬಲ್ ಎರಡನ್ನೂ ನೋಡಿ ಖಚಿತ ಮಾಡಿಕೊಳ್ಳಿ. ಇನ್ನೊಂದು, ಪುಟದಲ್ಲಿ ನುಡಿಸಿದವರ ಹೆಸರಿಲ್ಲ, ಊರಿಲ್ಲ, ಹಳೆ ಕೆಲಸವಿಲ್ಲ, ಆದರೆ ತಿಂಗಳಿಗೆ ನಾಲ್ಕು ಆಲ್ಬಂ ಬರುತ್ತಿದೆ ಅಂದರೆ ಯಂತ್ರ ತಯಾರಿಸಿದ ಮಾಲು ಇರಬಹುದು ಅಂತ ಅನುಮಾನಪಡಿ.

ಹಂತ 2: ಬ್ಯಾಂಡ್‌ಕ್ಯಾಂಪ್ ಬಳಸುವುದು ಕಲಿಯಿರಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಬ್ಯಾಂಡ್‌ಕ್ಯಾಂಪ್ ಅಮೆರಿಕದ ಜಾಲತಾಣ, 2008ರಲ್ಲಿ ಶುರುವಾದದ್ದು. ಕಲಾವಿದರು ಇಲ್ಲಿ ನೇರವಾಗಿ ಕೇಳುಗರಿಗೆ ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ 15%, ಕ್ಯಾಸೆಟ್, ರೆಕಾರ್ಡ್, ಟೀ ಶರ್ಟ್ ಥರದ್ದರಲ್ಲಿ 10% ತಾಣದ ಪಾಲು. ಪಾವತಿ ಶುಲ್ಕ ಬೇರೆ. ಉಳಿದದ್ದು ಕಲಾವಿದರಿಗೋ ಅವರ ಲೇಬಲ್‌ಗೋ ಹೋಗುತ್ತದೆ. ಪೂರ್ತಿ ಹಾಡನ್ನು ಖಾತೆಯಿಲ್ಲದೆಯೇ ಕೇಳಬಹುದು, ಕೆಲವು ಸಲ ಕೇಳಿದ ಮೇಲೆ "ಕೊಂಡುಕೊಳ್ಳಿ" ಅನ್ನಬಹುದು ಅಷ್ಟೆ.

ಹುಡುಕಲು ಅಲ್ಲಿ ಮೂರು ದಾರಿಗಳಿವೆ.

ಮೊದಲನೆಯದು ಟ್ಯಾಗ್. ಆಲ್ಬಂ ಪುಟದ ತಳದಲ್ಲಿ ಚಿಕ್ಕ ಪದಗಳಿರುತ್ತವೆ. ಶೈಲಿ, ವಾದ್ಯ, ಮನಸ್ಥಿತಿ, ಹಾಗೇ ಊರು. ಈ ಊರಿನ ಟ್ಯಾಗ್ ಬಹಳ ಉಪಯೋಗದ್ದು, ಯಾಕೋ ಜನ ಅದನ್ನು ಮುಟ್ಟುವುದೇ ಇಲ್ಲ. ನಮ್ಮ ಊರಿನವರನ್ನು ಹುಡುಕುವಾಗ ಇಂಗ್ಲಿಷ್ ಲಿಪಿಯಲ್ಲಿ ಬೆಂಗಳೂರು, ಬ್ಯಾಂಗಲೋರ್ ಎರಡನ್ನೂ ಹಾಕಿ ನೋಡಿ. ಬೇರೆ ಬೇರೆ ಫಲಿತಾಂಶ ಬರುತ್ತವೆ. ಬೇವರ್ ಸೀ ಅನ್ನುವ ಡೂಮ್ ಮೆಟಲ್ (ನಿಧಾನ ಲಯದ, ಭಾರವಾದ ಗಿಟಾರಿನ ಮೆಟಲ್) ಬ್ಯಾಂಡ್ ಬೆಂಗಳೂರಿನದು. ಹೆಸರನ್ನು ಒಂದು ಸಲ ಜೋರಾಗಿ ಓದಿ, ನಗು ಬರುತ್ತದೆ. ಎಲೆಕ್ಟ್ರಾನಿಕ್ ಇಷ್ಟವಾದರೆ ಇದೇ ಊರಿನ ಕನ್ಸಾಲಿಡೇಟ್ ಲೇಬಲ್ ನೋಡಿ. ಮೈಸೂರು, ಮಂಗಳೂರು, ಹುಬ್ಬಳ್ಳಿ ಹಾಕಿದರೆ ಸಿಗುವುದು ಕಡಿಮೆ, ಆದರೂ ಹಾಕಿ.

ಎರಡನೆಯದು ಮುಖಗಳು. ಆಲ್ಬಂ ಮುಖಪುಟದ ಕೆಳಗೆ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಈ ಆಲ್ಬಂ ಕೊಂಡವರು ಅವರು. ಒಂದು ಚೌಕ ಒತ್ತಿ, ಅವರು ಕೊಂಡಿರುವ ಎಲ್ಲವೂ ತೆರೆದುಕೊಳ್ಳುತ್ತದೆ. ನಿಮಗೆ ಇಷ್ಟವಾದ ಹಾಡನ್ನು ದುಡ್ಡು ಕೊಟ್ಟು ಕೊಂಡಿರುವ ಒಬ್ಬ ಅಪರಿಚಿತ ಮನುಷ್ಯ, ಬಹುಶಃ ಓಸ್ಲೋದಲ್ಲೋ ಜಕಾರ್ತದಲ್ಲೋ ಕೂತವರು, ಇನ್ನೇನು ಕೇಳುತ್ತಾರೆ ಅಂತ ನೋಡುವುದಕ್ಕಿಂತ ಒಳ್ಳೆ ಶಿಫಾರಸು ನನಗಂತೂ ಎಲ್ಲೂ ಸಿಕ್ಕಿಲ್ಲ. ಆದರೆ ಆಯ್ಕೆ ಮಾಡಿ ಒತ್ತಿ. ಸಾವಿರಾರು ಆಲ್ಬಂ ಗುಡ್ಡೆ ಹಾಕಿರುವವರ ಸಂಗ್ರಹದಿಂದ ಏನೂ ತಿಳಿಯುವುದಿಲ್ಲ, ಅವರು ಸಿಕ್ಕಿದ್ದೆಲ್ಲ ಕೊಳ್ಳುತ್ತಾರೆ. ನೂರರ ಆಸುಪಾಸು ಇರುವ, ಅದರಲ್ಲಿ ಎರಡು ಮೂರು ನಿಮಗೂ ಇಷ್ಟವಾದವು ಇರುವ ಸಂಗ್ರಹ ಹಿಡಿಯಿರಿ. ಅಂಥವರು ಸಿಕ್ಕರೆ ಫಾಲೋ ಮಾಡಿ. ಕೆಲವರು ಆಲ್ಬಂ ಬಗ್ಗೆ ಒಂದೆರಡು ಸಾಲು ಬರೆದಿರುತ್ತಾರೆ. ಅಂಥವರನ್ನು ಬಿಡಲೇಬೇಡಿ.

ಮೂರನೆಯದು ಬ್ಯಾಂಡ್‌ಕ್ಯಾಂಪ್ ಡೈಲಿ. ತಾಣದವರೇ 2016ರಿಂದ ನಡೆಸುತ್ತಿರುವ ಪತ್ರಿಕೆ. ಒಂದು ಊರಿನ, ಒಂದು ಶೈಲಿಯ ಪರಿಚಯ ಲೇಖನಗಳು ಚೆನ್ನಾಗಿರುತ್ತವೆ, ಅಲ್ಲಲ್ಲೇ ಹಾಡೂ ಕೇಳಬಹುದು.

ಎಚ್ಚರಿಕೆ: ಉತ್ಸಾಹದಲ್ಲಿ ಇನ್ನೂರು ಜನರನ್ನು ಫಾಲೋ ಮಾಡಿದರೆ ಇಮೇಲ್ ಪೆಟ್ಟಿಗೆ ತುಂಬಿ ಹೋಗುತ್ತದೆ, ಆಮೇಲೆ ಒಂದನ್ನೂ ತೆರೆಯುವುದಿಲ್ಲ. ಮೊದಲ ದಿನವೇ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಮಾಡಿ ಈ ಪತ್ರಗಳೆಲ್ಲ ಬೇರೆ ಫೋಲ್ಡರಿಗೆ ಹೋಗುವ ಹಾಗೆ ಇಡಿ, ವಾರಕ್ಕೊಮ್ಮೆ ಕೂತು ನೋಡಿ. ಇಷ್ಟವಾದದ್ದನ್ನು ಆಗಿಂದಾಗ ವಿಶ್‌ಲಿಸ್ಟಿಗೆ ಹಾಕಿ, ಅಂದರೆ ಆಲ್ಬಂ ಪುಟದ ಹೃದಯದ ಗುರುತು ಒತ್ತಿ.

ಈ ತಾಣವನ್ನು ಪೂರ್ತಿ ನಂಬಿ ಕೂರಲೂಬೇಡಿ. 2022ರಲ್ಲಿ ಎಪಿಕ್ ಗೇಮ್ಸ್ ಅನ್ನುವ ವಿಡಿಯೋ ಗೇಮ್ ಕಂಪನಿ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಅನ್ನುವ ಕಂಪನಿಗೆ ಮಾರಿತು, ಆಗ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ನಾಳೆ ಇನ್ನೇನೋ ಗೊತ್ತಿಲ್ಲ. ಅದಕ್ಕೇ ಹಂತ 6.

ಹಂತ 3: ರೇಡಿಯೋ ಹಚ್ಚಿ

ಇಂಟರ್‌ನೆಟ್ ರೇಡಿಯೋದಲ್ಲಿ ಇನ್ನೂ ಮನುಷ್ಯರೇ ಹಾಡು ಆರಿಸುತ್ತಾರೆ. ಅಮೆರಿಕದ ನ್ಯೂ ಜೆರ್ಸಿಯ ಡಬ್ಲ್ಯುಎಫ್‌ಎಂಯು ಕೇಳುಗರ ದೇಣಿಗೆಯಿಂದಲೇ ನಡೆಯುತ್ತದೆ, ಅಲ್ಲಿ ಡಿಜೆಗೆ ಏನು ಬೇಕೋ ಅದನ್ನು ಹಾಕುವ ಸ್ವಾತಂತ್ರ್ಯ. ಸಿಯಾಟಲ್‌ನ ಕೆಇಎಕ್ಸ್‌ಪಿ, 2011ರಲ್ಲಿ ಶುರುವಾದ ಲಂಡನ್ನಿನ ಎನ್‌ಟಿಎಸ್, 2017ರಿಂದ ದೆಹಲಿಯಲ್ಲಿರುವ ಬಾಕ್ಸ್‌ಔಟ್, ಇವಿಷ್ಟು ಸಾಕು ಶುರುವಿಗೆ. ಹಳೆ ಕಾರ್ಯಕ್ರಮಗಳು ತಾಣದಲ್ಲೇ ಇರುತ್ತವೆ, ಹಾಗಾಗಿ ಸಮಯದ ವ್ಯತ್ಯಾಸದ ತಲೆಬಿಸಿ ಇಲ್ಲ.

ಮುಖ್ಯವಾದದ್ದು ಟ್ರ್ಯಾಕ್‌ಲಿಸ್ಟ್, ಅಂದರೆ ಆ ಕಾರ್ಯಕ್ರಮದಲ್ಲಿ ಹಾಕಿದ ಹಾಡುಗಳ ಪಟ್ಟಿ. ಸುಮ್ನೆ ಹಿನ್ನೆಲೆಯಲ್ಲಿ ಹಚ್ಚಿಟ್ಟು ಅಡುಗೆ ಮಾಡಿ, ಕಿವಿ ನಿಮಿರಿದಾಗ ಪಟ್ಟಿ ನೋಡಿ ಹೆಸರು ಬರೆದುಕೊಳ್ಳಿ, ಆಮೇಲೆ ಹಂತ 1ಕ್ಕೆ ಹೋಗಿ.

ಹಂತ 4: ಇಂಟರ್‌ನೆಟ್‌ನಲ್ಲೇ ಹುಟ್ಟಿದ ಸಂಗೀತದ ಓಣಿಗಳು

ಕೆಲವು ಸಂಗೀತಕ್ಕೆ ಊರೇ ಇಲ್ಲ, ನೆಟ್‌ನಲ್ಲೇ ಹುಟ್ಟಿ ಅಲ್ಲೇ ಬೆಳೆದಿದೆ. ವೇಪರ್‌ವೇವ್ ತೆಗೆದುಕೊಳ್ಳಿ. 2010ರ ಆಸುಪಾಸಿನಲ್ಲಿ ಶುರುವಾಯಿತು. 1980ರ ದಶಕದ ಪಾಪ್ ಹಾಡು, ಜಾಹೀರಾತು, ಮಾಲ್‌ಗಳಲ್ಲಿ ಹಾಕುವ ಹಿನ್ನೆಲೆ ಸಂಗೀತ, ಇವುಗಳ ತುಣುಕುಗಳನ್ನು ನಿಧಾನಗೊಳಿಸಿ, ಎಳೆದು, ಮತ್ತೆ ಮತ್ತೆ ತಿರುಗಿಸಿ ಮಾಡಿದ್ದು. ಮುಖಪುಟದಲ್ಲಿ ಗ್ರೀಕ್ ಶಿಲ್ಪ, ಹಳೆ ಕಂಪ್ಯೂಟರ್ ಕಿಟಕಿಗಳು, ಜಪಾನಿ ಅಕ್ಷರ. ತಮಾಷೆಯೋ ಗಂಭೀರವೋ ಅಂತ ಕೇಳಿದರೆ ಎರಡೂ ಹೌದು. ಇಲ್ಲಿ ಒಬ್ಬರೇ ಹತ್ತು ಹೆಸರಲ್ಲಿ ಹಾಡು ಬಿಡುವುದು ಸಾಮಾನ್ಯ. ತಮ್ಮ ನಿಜ ಹೆಸರು ಹೇಳದೆ ಇರುವವರೂ ಬಹಳ. ಅವರ ಗುರುತು ಪತ್ತೆ ಮಾಡಿ ಎಲ್ಲರಿಗೂ ಹೇಳುವ ಉಸಾಬರಿಗೆ ಹೋಗಬೇಡಿ, ಈ ಓಣಿಯಲ್ಲಿ ಅದಕ್ಕಿಂತ ಕೆಟ್ಟ ನಡತೆ ಇಲ್ಲ.

ತುಣುಕುಗಳಿಗೆ ಅನುಮತಿ ಪಡೆದಿರುವುದಿಲ್ಲವಾದ್ದರಿಂದ ಇಂಥ ಆಲ್ಬಂಗಳು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುತ್ತವೆ. "ಆಮೇಲೆ ನೋಡೋಣ" ಅನ್ನಬೇಡಿ.

ಇನ್ನೊಂದು ಓಣಿ ಇದಕ್ಕಿಂತ ಹಳೆಯದು, ನನಗೆ ಇನ್ನೂ ಇಷ್ಟವಾದದ್ದು. 1987ರಲ್ಲಿ ಅಮಿಗಾ ಅನ್ನುವ ಕಂಪ್ಯೂಟರಿಗೆ ಸೌಂಡ್‌ಟ್ರ್ಯಾಕರ್ ಅನ್ನುವ, ಸಂಗೀತ ಕಟ್ಟುವ ತಂತ್ರಾಂಶ ಬಂತು. ಅದರಲ್ಲಿ ತಯಾರಾಗುವ ಫೈಲಿಗೆ ಮಾಡ್ಯೂಲ್, ಚಿಕ್ಕದಾಗಿ ಮಾಡ್ ಅನ್ನುತ್ತಾರೆ. ಎಂಪಿ3 ಥರ ಇದು ಬರೀ ರೆಕಾರ್ಡಿಂಗ್ ಅಲ್ಲ. ವಾದ್ಯಗಳ ದನಿಯ ತುಣುಕು, ಯಾವ ಸ್ವರ ಯಾವಾಗ ಅನ್ನುವ ಸೂಚನೆ, ಎರಡೂ ಫೈಲಿನೊಳಗೇ ಇರುತ್ತವೆ. ಅದಕ್ಕೇ ಇಡೀ ಹಾಡು ಕೆಲವು ನೂರು ಕಿಲೋಬೈಟಿನಲ್ಲಿ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಓಪನ್‌ಎಂಪಿಟಿ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ತೆರೆದರೆ ಹಾಡು ಸಾಗುವಾಗ ಸ್ವರಗಳು ಸಾಲು ಸಾಲಾಗಿ ಉರುಳುವುದು ಕಾಣುತ್ತದೆ, ಒಂದು ವಾದ್ಯ ನಿಲ್ಲಿಸಿ ಇನ್ನೊಂದನ್ನೇ ಕೇಳಬಹುದು, ಅಳಿಸಬಹುದು, ತಿದ್ದಬಹುದು. ಆ ಕಾಲದ ಹುಡುಗರು ಒಬ್ಬರ ಫೈಲನ್ನು ಇನ್ನೊಬ್ಬರು ಬಿಚ್ಚಿ ನೋಡಿಯೇ ಸಂಗೀತ ಕಲಿತರು. ವಾದ್ಯಗಳ ಹೆಸರು ಬರೆಯುವ ಜಾಗದಲ್ಲಿ ಗೆಳೆಯರಿಗೆ ನಮಸ್ಕಾರ, ಎದುರಾಳಿಗಳಿಗೆ ಕಿಚಾಯಿಸುವುದು, ಎಲ್ಲ ಇರುತ್ತದೆ, ಅದನ್ನೂ ಓದಿ. ಇದರ ಸುತ್ತ ಬೆಳೆದ ಬಳಗಕ್ಕೆ ಡೆಮೋಸೀನ್ ಅಂತ ಹೆಸರು. ಕಂಪ್ಯೂಟರಿನಲ್ಲಿ ಚಿತ್ರ, ಸಂಗೀತ ಎರಡನ್ನೂ ಓಡಿಸಿ ತಮ್ಮ ಕೈಚಳಕ ತೋರಿಸುವವರ ಬಳಗ ಅದು. ಫಿನ್ಲೆಂಡ್ 2020ರಲ್ಲಿ ಡೆಮೋಸೀನನ್ನು ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಹಾಡುಗಳಿಗೆ ಮಾಡ್ ಆರ್ಕೈವ್ ತಾಣಕ್ಕೆ ಹೋಗಿ, 1996ರಿಂದ ಇದೆ, ಎಲ್ಲವೂ ಉಚಿತ. ಸುಮ್ಮನೆ ಕೇಳಲು ವಿಎಲ್‌ಸಿ ಪ್ಲೇಯರ್ ಸಾಕು.

ಮೂರನೆಯ ಓಣಿ ನೆಟ್‌ಲೇಬಲ್. ಹಾಡುಗಳನ್ನು ನೆಟ್‌ನಲ್ಲಿ ಮಾತ್ರ, ಹೆಚ್ಚಾಗಿ ಉಚಿತವಾಗಿ ಬಿಡುವ ಲೇಬಲ್‌ಗಳು ಇವು. ಹಳೆ ಜಾಲಪುಟ, ಪುಸ್ತಕ, ಹಾಡುಗಳನ್ನು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್ ತಾಣಕ್ಕೆ ಹೋಗಿ ಆಡಿಯೋ ವಿಭಾಗದಲ್ಲಿ ನೆಟ್‌ಲೇಬಲ್ಸ್ ಅನ್ನುವ ಸಂಗ್ರಹ ತೆರೆಯಿರಿ. ಹುಡುಕುವ ಸೌಲಭ್ಯ ಅಷ್ಟಕ್ಕಷ್ಟೆ. ಒಂದು ಲೇಬಲ್ ಹಿಡಿದು ಅದರ ಮೊದಲ ಬಿಡುಗಡೆಯಿಂದ ಕೇಳುತ್ತಾ ಬನ್ನಿ.

ಇಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನುವ ಪದ ಎದುರಾಗುತ್ತದೆ. 2002ರಿಂದ ಬಳಕೆಯಲ್ಲಿರುವ ಪರವಾನಗಿಗಳು ಇವು. "ನನ್ನ ಕೆಲಸವನ್ನು ಹಂಚಿಕೊಳ್ಳಿ, ಆದರೆ ಈ ಷರತ್ತಿಗೆ" ಅಂತ ಕಲಾವಿದರು ಮೊದಲೇ ಬರೆದುಕೊಟ್ಟ ಹಾಗೆ. ಬಿವೈ ಅಂದರೆ ಹೆಸರು ಹೇಳಬೇಕು. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಅಂದರೆ ಬದಲಾಯಿಸಿ ಹಂಚುವಂತಿಲ್ಲ. ಎಸ್‌ಎ ಅಂದರೆ ಬದಲಾಯಿಸಿ ಹೊಸದು ಮಾಡಿದರೆ ಅದನ್ನೂ ಇದೇ ಷರತ್ತಿಗೆ ಬಿಡಬೇಕು.

ಎಚ್ಚರಿಕೆ: ತುಂಬಾ ಜನ ಎಡವುವುದು ಎನ್‌ಡಿಯಲ್ಲಿ. "ನಾನು ಹಾಡನ್ನು ಬದಲಾಯಿಸಿಲ್ಲ, ನನ್ನ ವಿಡಿಯೋಗೆ ಹಿನ್ನೆಲೆಯಾಗಿ ಹಾಕಿದೆ ಅಷ್ಟೆ" ಅನ್ನುತ್ತಾರೆ. ವಿಡಿಯೋ ಜೊತೆ ಹಾಡು ಜೋಡಿಸುವುದೂ ಈ ಪರವಾನಗಿಯ ಲೆಕ್ಕದಲ್ಲಿ ಬದಲಾವಣೆಯೇ. ಎನ್‌ಡಿ ಇದ್ದರೆ ರೀಲ್ಸ್‌ಗೂ ಬೇಡ, ಮದುವೆ ವಿಡಿಯೋಗೂ ಬೇಡ.

ಹಂತ 5: ಭಾರತದಿಂದ ಕೊಳ್ಳುವುದು

ಹೊರದೇಶದಲ್ಲಿರುವವರು ಈ ಹಂತದಲ್ಲಿ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಭಾಗ ಮಾತ್ರ ಓದಿದರೆ ಸಾಕು.

ಕೇಳಲು ಪುಕ್ಕಟೆ ಸಿಗುವಾಗ ಯಾಕೆ ಕೊಳ್ಳಬೇಕು? 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದರ ರೆಕಾರ್ಡಿಂಗಿಗೆ ಗೌರವಧನವೇ ಇಲ್ಲ. ನೀವು ಹುಡುಕಿ ತೆಗೆಯುವ ಹಾಡುಗಳು ಬಹುಪಾಲು ಈ ಗುಂಪಿಗೇ ಸೇರಿದವು. ಅಂಥವರಿಗೆ ನಿಮ್ಮ ಒಂದು ಖರೀದಿ ದೊಡ್ಡದು.

ಕಾರ್ಡ್ ತಗೊಳ್ಳದೆ ಇರುವುದಕ್ಕೆ ಮಾಮೂಲಿ ಕಾರಣ ಒಂದೇ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅಕ್ಟೋಬರ್ 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ನಿಮ್ಮ ಬ್ಯಾಂಕಿನ ಆಪ್ ತೆರೆಯಿರಿ, ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಇಂಟರ್‌ನ್ಯಾಷನಲ್ ಆನ್‌ಲೈನ್ ವಹಿವಾಟನ್ನು ಆನ್ ಮಾಡಿ. ಮಿತಿಯನ್ನು ಸಾವಿರವೋ ಎರಡು ಸಾವಿರವೋ ಇಡಿ. ಕೊಂಡಾದ ಮೇಲೆ ಮತ್ತೆ ಆಫ್ ಮಾಡಿ. ಯುಪಿಐ ನೆಚ್ಚಿಕೊಳ್ಳಬೇಡಿ, ರುಪೇ ಕಾರ್ಡೂ ಇಂಥ ಕಡೆ ನಡೆಯುವುದು ಕಷ್ಟ. ಕಾರ್ಡ್ ಕೊಡಲು ಹಿಂಜರಿಕೆಯಿದ್ದರೆ ಪೇಪಾಲ್ ಖಾತೆಗೆ ಜೋಡಿಸಿ ಅದರಿಂದ ಕೊಡಬಹುದು.

ಬೆಲೆ ಕಲಾವಿದರ ದೇಶದ ಹಣದಲ್ಲಿರುತ್ತದೆ. ರೂಪಾಯಿಗೆ ಬದಲಾಯಿಸುವಾಗ ಬ್ಯಾಂಕ್ ಒಂದಿಷ್ಟು ಶೇಕಡಾ ಮಾರ್ಕಪ್, ಅಂದರೆ ತನ್ನ ಶುಲ್ಕ, ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ. "ನೇಮ್ ಯುವರ್ ಪ್ರೈಸ್" ಅಂತಿದ್ದರೆ ನಿಮಗೆ ತೋಚಿದಷ್ಟು ಕೊಡಿ ಅಂತ. ಕನಿಷ್ಠ ಬೆಲೆ ಇಡದಿದ್ದರೆ ಸೊನ್ನೆ ಹಾಕಿದರೂ ಇಳಿಯುತ್ತದೆ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಸೊನ್ನೆ ಹಾಕಿ, ಕಲಾವಿದರು ಗೊತ್ತಿದ್ದೇ ಬಿಟ್ಟಿರುತ್ತಾರೆ.

ಇನ್ನು ಬ್ಯಾಂಡ್‌ಕ್ಯಾಂಪ್ ಫ್ರೈಡೇ. ಕೋವಿಡ್ ಶುರುವಾದಾಗ, ಮಾರ್ಚ್ 20, 2020ರಂದು ಮೊದಲ ಸಲ ನಡೆಯಿತು. ಆ ದಿನ ತಾಣ ತನ್ನ ಪಾಲು ಬಿಟ್ಟುಕೊಡುತ್ತದೆ. ಈಗ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಇರುತ್ತದೆ, ದಿನಾಂಕ ಮೊದಲೇ ಹೇಳುತ್ತಾರೆ. ನಮ್ಮವರು ಎಡವುವುದು ಗಡಿಯಾರದಲ್ಲಿ. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಅಂದರೆ ಭಾರತದಲ್ಲಿ ಅವರ ಬೇಸಿಗೆ ಸಮಯದಲ್ಲಿ ಶುಕ್ರವಾರ ಮಧ್ಯಾಹ್ನ 12:30ರಿಂದ ಶನಿವಾರ 12:30ರವರೆಗೆ, ಚಳಿಗಾಲದಲ್ಲಿ 1:30ರಿಂದ 1:30. ಶುಕ್ರವಾರ ಬೆಳಿಗ್ಗೆ ಎದ್ದ ಕೂಡಲೇ ಕೊಂಡರೆ ಮಾಮೂಲಿ ದಿನದ ಖರೀದಿಯೇ ಆಗುತ್ತದೆ, ಸ್ವಲ್ಪ ತಡೆಯಿರಿ.

ರೆಕಾರ್ಡ್, ಕ್ಯಾಸೆಟ್ ತರಿಸುವ ಆಸೆಯಿದ್ದರೆ ಮೊದಲು ಅಂಚೆ ವೆಚ್ಚ ನೋಡಿ. ಎಷ್ಟೋ ಸಲ ಅದು ರೆಕಾರ್ಡಿನ ಬೆಲೆಯನ್ನೇ ಮೀರಿಸುತ್ತದೆ, ಮೇಲೆ ಕಸ್ಟಮ್ಸ್ ಸುಂಕ ಬೇರೆ.

ಹಂತ 6: ಇಳಿಸಿ, ಹೆಸರಿಡಿ, ಎರಡು ಕಡೆ ಇಡಿ

ಕೊಂಡ ದಿನವೇ ಡೌನ್‌ಲೋಡ್ ಮಾಡಿ. ಮೈಸ್ಪೇಸ್ ಅನ್ನುವ ಸಾಮಾಜಿಕ ಜಾಲತಾಣದ ಕತೆ ನೆನಪಿದೆಯಲ್ವಾ? ಒಂದು ಕಾಲದಲ್ಲಿ ಬ್ಯಾಂಡುಗಳೆಲ್ಲ ಅಲ್ಲೇ ಇದ್ದವು. 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳು ಸರ್ವರ್ ಬದಲಾಯಿಸುವಾಗ ಅಳಿದುಹೋದವು ಅಂತ 2019ರಲ್ಲಿ ಗೊತ್ತಾಯಿತು, 5 ಕೋಟಿಗೂ ಜಾಸ್ತಿ ಹಾಡುಗಳು. ಆಮೇಲೆ ಇಂಟರ್‌ನೆಟ್ ಆರ್ಕೈವ್‌ಗೆ ಯಾರೋ ಮೊದಲೇ ಇಳಿಸಿಟ್ಟುಕೊಂಡಿದ್ದ 4,90,000 ಹಾಡುಗಳು ಸಿಕ್ಕವು. ಉಳಿದವು ಉಳಿದಿರುವುದು ಅವನ್ನು ಮಾಡಿದವರ, ಇಳಿಸಿಕೊಂಡವರ ಡಿಸ್ಕುಗಳಲ್ಲಿ ಮಾತ್ರ. ಇದ್ದರೆ.

ಯಾವ ರೂಪದಲ್ಲಿ ಇಳಿಸಬೇಕು? ಫ್ಲ್ಯಾಕ್ ಆರಿಸಿ. ದನಿಯ ಒಂದು ಚೂರೂ ಬಿಡದೆ ಫೈಲನ್ನು ಚಿಕ್ಕದು ಮಾಡುವ ರೂಪ ಅದು, ಮುಂದೆ ಯಾವಾಗ ಬೇಕಾದರೂ ಎಂಪಿ3 ಮಾಡಿಕೊಳ್ಳಬಹುದು. ಎಂಪಿ3ಯಿಂದ ಫ್ಲ್ಯಾಕ್ ಮಾಡಿದರೆ ಫೈಲು ಮಾತ್ರ ದೊಡ್ಡದಾಗುತ್ತದೆ, ಹೋದ ದನಿ ವಾಪಸ್ ಬರುವುದಿಲ್ಲ. ಐಫೋನಿನ ಮ್ಯೂಸಿಕ್ ಆಪ್‌ನಲ್ಲೇ ಇಟ್ಟುಕೊಳ್ಳುವವರು ಫ್ಲ್ಯಾಕ್ ಬದಲು ಅದರಂಥದ್ದೇ ಆಪಲ್‌ನ ರೂಪವಾದ ಎಎಲ್‌ಎಸಿ ಇಳಿಸಿಕೊಳ್ಳಿ. ಫೋನಲ್ಲಿ ಜಾಗ ಕಡಿಮೆಯಿದ್ದರೆ 320 ಕೆಬಿಪಿಎಸ್ ಎಂಪಿ3 ಸಾಕು, ನಿಮಿಷಕ್ಕೆ 2.4 ಎಂಬಿ, ಅಂದರೆ 40 ನಿಮಿಷದ ಆಲ್ಬಂ ಸುಮಾರು 96 ಎಂಬಿ. ಬಸ್ಸಿನಲ್ಲಿ ಕೇಳುವಾಗ ವ್ಯತ್ಯಾಸ ಗೊತ್ತಾಗುತ್ತೆ ಅನ್ನುವವರ ಮಾತು ನಾನು ನಂಬುವುದಿಲ್ಲ.

ಹೆಸರು, ಲೇಬಲ್, ವರ್ಷ ಸರಿಯಿಲ್ಲದ ಹಳೆ ಫೈಲುಗಳಿಗೆ ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಅನ್ನುವ ಉಚಿತ ತಂತ್ರಾಂಶ ಇದೆ, ಹಾಡನ್ನು ಗುರುತಿಸಿ ತಾನೇ ತುಂಬುತ್ತದೆ. ಇಡೀ ಸಂಗ್ರಹವನ್ನು ಒಂದೇ ಸಲ ಅದಕ್ಕೆ ಒಪ್ಪಿಸಬೇಡಿ. ತಪ್ಪು ಗುರುತಿಸಿ ಎಲ್ಲ ಕಲಸಿಬಿಟ್ಟರೆ ಬಿಡಿಸುವುದು ಕಷ್ಟ. ಒಂದೊಂದೇ ಆಲ್ಬಂ ಮಾಡಿ.

ಕೊನೆಗೆ, ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ. ಸಾಧ್ಯವಾದರೆ ಮೂರನೆಯದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ.

ಹಂತ 7: ಹಂಚುವುದು

ಗ್ರೂಪಿಗೆ ಹಾಕಬಹುದಾ ಅನ್ನುವ ಪ್ರಶ್ನೆಗೆ ಉತ್ತರ: ಲಿಂಕ್ ಹಾಕಿ, ಫೈಲ್ ಬೇಡ. ಬ್ಯಾಂಡ್‌ಕ್ಯಾಂಪ್ ಲಿಂಕ್ ಒತ್ತಿದ ಗೆಳೆಯರು ಯಾವ ಆಪ್ ಇಲ್ಲದೆ, ಖಾತೆಯಿಲ್ಲದೆ ಅಲ್ಲೇ ಕೇಳಬಹುದು, ಹಾಗಾಗಿ ಫೈಲ್ ಕಳಿಸುವ ಅಗತ್ಯವೇ ಇಲ್ಲ. ಕ್ರಿಯೇಟಿವ್ ಕಾಮನ್ಸ್ ಇದ್ದರೆ ಫೈಲೂ ಕಳಿಸಬಹುದು, ಹೆಸರು ಮತ್ತು ಪರವಾನಗಿ ಹೇಳಿ.

ಬರೀ ಲಿಂಕ್ ಎಸೆದರೆ ಯಾರೂ ಒತ್ತುವುದಿಲ್ಲ. ಎರಡು ಸಾಲು ಬರೆಯಿರಿ. ಯಾರು, ಯಾವ ಊರು, ಯಾವ ಹಾಡಿನಿಂದ ಶುರು ಮಾಡಬೇಕು, ನಿಮಗೆ ಯಾಕೆ ಹಿಡಿಸಿತು. "ಮೂರನೇ ಹಾಡು, ಎರಡನೇ ನಿಮಿಷದ ನಂತರ ಡ್ರಮ್ಸ್ ನಿಂತು ಬರೀ ದನಿ ಉಳಿಯುತ್ತದೆ, ಅಲ್ಲಿವರೆಗೆ ತಾಳ್ಮೆಯಿಂದ ಕೇಳಿ" ಅಂತ ಬರೆದರೆ ಜನ ಕೇಳುತ್ತಾರೆ. "ಮೈಂಡ್‌ಬ್ಲೋಯಿಂಗ್, ಮಿಸ್ ಮಾಡ್ಬೇಡಿ" ಅಂದರೆ ಇಲ್ಲ. ಒಂದು ಸಲಕ್ಕೆ ಒಂದೇ ಆಲ್ಬಂ. ಹತ್ತು ಲಿಂಕಿನ ಪಟ್ಟಿ ಕಳಿಸಿದರೆ ಹತ್ತೂ ಹಾಗೇ ಬಿದ್ದಿರುತ್ತವೆ.

ಕನ್ನಡದಲ್ಲಿ ಬರೆಯಿರಿ, ಇದನ್ನು ಒತ್ತಿ ಹೇಳುತ್ತೇನೆ. ಬೇರೆ ದೇಶದ ಚಿಕ್ಕ ಬ್ಯಾಂಡುಗಳ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಸಿಗುವುದು ಅಪರೂಪ. ಬ್ಯಾಂಡಿನ ಹೆಸರನ್ನು ಅವರ ಲಿಪಿಯಲ್ಲೂ ಒಂದು ಸಲ ಹಾಕಿದರೆ ಹುಡುಕುವವರಿಗೆ ಸಿಗುತ್ತದೆ, ಬ್ಯಾಂಡಿನವರಿಗೂ ಕಾಣುತ್ತದೆ. ಅಂಥವರಿಂದ ವಾಪಸ್ ಥ್ಯಾಂಕ್ಸ್ ಬರುವುದೂ ಉಂಟು.

ಪ್ಲೇಲಿಸ್ಟ್ ಮಾಡುವವರು ಅದರ ಪಟ್ಟಿಯನ್ನು ಬರಹದಲ್ಲೂ ಇಟ್ಟುಕೊಳ್ಳಿ. ಹಾಡು ತೆಗೆದುಹಾಕಿದರೆ ಪ್ಲೇಲಿಸ್ಟಿನಲ್ಲಿ ಹೆಸರು ಸಮೇತ ಕಾಣೆಯಾಗಬಹುದು, ಯಾವ ಹಾಡು ಇತ್ತು ಅಂತಲೂ ನೆನಪಾಗುವುದಿಲ್ಲ. ಬ್ಯಾಂಡಿನ ಪುಟ ಹಳೆಯದಾಗಿ ಅಲ್ಲಾಡುತ್ತಿದೆ ಅನ್ನಿಸಿದರೆ ಅದರ ವಿಳಾಸವನ್ನು ವೇಬ್ಯಾಕ್ ಮಷೀನಿಗೆ ಕೊಟ್ಟು ಒಂದು ಪ್ರತಿ ಉಳಿಸಿ, ಇಂಟರ್‌ನೆಟ್ ಆರ್ಕೈವ್‌ನದೇ ಸೇವೆ ಅದು. ಸತ್ತ ಲಿಂಕುಗಳನ್ನು ತೆರೆದು ನೋಡಲೂ ಅದೇ ದಾರಿ.

ಎಚ್ಚರಿಕೆ: "ಉಳಿಯಲಿ ಅಂತ" ಇಡೀ ಆಲ್ಬಮನ್ನು ಯೂಟ್ಯೂಬಿಗೆ ಹಾಕುವ ಚಟ ಒಂದಿದೆ. ಕಲಾವಿದರು ಇನ್ನೂ ಮಾರುತ್ತಿದ್ದರೆ ಅದು ಉಳಿಸುವುದಲ್ಲ. ಎಲ್ಲೂ ಸಿಗದ ಹಳೆ ಆಲ್ಬಂ ಆದರೆ ಅವರಿಗೊಂದು ಮೇಲ್ ಬರೆದು ಕೇಳಿ. ಕೆಲವರು ಖುಷಿಯಿಂದ ಒಪ್ಪುತ್ತಾರೆ, ಕೆಲವರು "ಬೇಡ, ಆ ಆಲ್ಬಂ ಮರೆತುಬಿಡಿ" ಅನ್ನುತ್ತಾರೆ. ಅದನ್ನೂ ಕೇಳಬೇಕು.

ಹಂತ 8: ನಿಮ್ಮದೇ ಹಾಡು ಹಾಕುವುದಾದರೆ

ಇದಕ್ಕೆ ಬೇರೆ ಲೇಖನವೇ ಬೇಕು, ಆದರೆ ಕನ್ನಡದವರು ಪದೇ ಪದೇ ಕೇಳುವ ಎರಡು ಮಾತು ಹೇಳಿಬಿಡುತ್ತೇನೆ.

ಒಂದು, ಸಾಹಿತ್ಯದ ಹಕ್ಕು. ಭಾರತದಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವನಗಳ ಹಕ್ಕು 2041ರ ಕೊನೆಯವರೆಗೆ ಇದೆ. ಕುವೆಂಪು ಅವರದು 2054ರವರೆಗೆ. ಡಿವಿಜಿಯವರದು 2035. "ಎಲ್ಲರೂ ಹಾಡ್ತಾರಲ್ಲ" ಅನ್ನುವುದು ಅನುಮತಿಯಲ್ಲ, ಹಕ್ಕು ಇರುವವರನ್ನು ಕೇಳಿ ಲಿಖಿತವಾಗಿ ಒಪ್ಪಿಗೆ ಪಡೆಯಿರಿ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ, ದಾಸರ ಪದ, ವಚನ ಇವಕ್ಕೆಲ್ಲ ಈ ತೊಡಕಿಲ್ಲ. ಆದರೆ ಪದ ಹಳೆಯದಾದರೂ ನೀವು ಕೇಳಿ ಕಲಿತ ಧಾಟಿ ಇತ್ತೀಚಿನ ಸಂಗೀತ ನಿರ್ದೇಶಕರದ್ದಾಗಿರಬಹುದು, ರೆಕಾರ್ಡಿಂಗ್ ಹಕ್ಕು ಕ್ಯಾಸೆಟ್ ಕಂಪನಿಯದ್ದಾಗಿರಬಹುದು. ಧಾಟಿ ನಿಮ್ಮದೇ ಮಾಡಿಕೊಳ್ಳಿ, ಇನ್ನೊಬ್ಬರ ರೆಕಾರ್ಡಿಂಗಿನಿಂದ ತುಣುಕು ಎತ್ತಬೇಡಿ.

ಎರಡು, ತಾಂತ್ರಿಕ ವಿಷಯ. ಬ್ಯಾಂಡ್‌ಕ್ಯಾಂಪ್ ಎಂಪಿ3 ತೆಗೆದುಕೊಳ್ಳುವುದಿಲ್ಲ, ವೇವ್, ಎಐಎಫ್‌ಎಫ್ ಅಥವಾ ಫ್ಲ್ಯಾಕ್ ಬೇಕು. ಸ್ಟುಡಿಯೋದಿಂದ ಹೊರಡುವ ಮುಂಚೆ ವೇವ್ ಫೈಲನ್ನೇ ಕೇಳಿ ತಗೊಳ್ಳಿ, ಆಮೇಲೆ ಫೋನ್ ಮಾಡಿದರೆ "ಆ ಸೆಷನ್ ಅಳಿಸಿಬಿಟ್ವಿ" ಅನ್ನುವ ಉತ್ತರ ಬರಬಹುದು. ದುಡ್ಡು ಪೇಪಾಲ್ ಮೂಲಕ ಬರುತ್ತದೆ. ಭಾರತದಲ್ಲಿ ಅದಕ್ಕೆ ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ ಮೂರನ್ನೂ ಕೊಡಬೇಕು. ಪರ್ಪಸ್ ಕೋಡ್ ಅಂದರೆ ಈ ವಿದೇಶಿ ಹಣ ಯಾವ ಬಾಬ್ತಿನದು ಅಂತ ರಿಸರ್ವ್ ಬ್ಯಾಂಕಿಗೆ ತಿಳಿಸುವ ಸಂಕೇತ. ಪ್ಯಾನಿನಲ್ಲಿ, ಬ್ಯಾಂಕಿನಲ್ಲಿ, ಪೇಪಾಲ್‌ನಲ್ಲಿ ಹೆಸರಿನ ಇನಿಶಿಯಲ್ ಒಂದೇ ಥರ ಇದೆಯಾ ಅಂತ ಆಲ್ಬಂ ಬಿಡುಗಡೆಗೆ ಮುಂಚೆಯೇ ನೋಡಿಕೊಳ್ಳಿ.